ಒಂಬತ್ತು ವ್ಯಾಟ್‌ನಲ್ಲಿ ಏಳೆಂಟು ಬೀರೂರು

ನಡುಮನೆಯ 9 ವ್ಯಾಟ್ ಎಲ್‌ಇಡಿ ಬಲ್ಬನ್ನು ಆರಿಸಿ, ಅದು ತಿನ್ನುತ್ತಿದ್ದ ಕರೆಂಟನ್ನು ಹೆಡ್‌ಫೋನ್‌ಗಳಿಗೆ ಹಂಚುತ್ತ ಹೋದರೆ ಎಷ್ಟು ಜನರಿಗೆ ಸಾಕಾದೀತು? ನೂರು? ಸಾವಿರ? ಲೆಕ್ಕ ಹಾಕೋಣ. ಸೋನಿ ಕಂಪನಿಯ ಎಂಡಿಆರ್-7506 ಎಂಬ ಜೋಡಿ 1991ರಲ್ಲಿ ಬಂದದ್ದು, ಇವತ್ತಿಗೂ ಸ್ಟುಡಿಯೊಗಳಲ್ಲಿ ಕಾಣಸಿಗುತ್ತದೆ. ಅದರ ಒಂದು ಕಿವಿಗೆ 1 ಮಿಲಿವ್ಯಾಟ್ ಕೊಟ್ಟರೆ 106 ಡೆಸಿಬೆಲ್ ಸದ್ದು. ಅಷ್ಟೆಲ್ಲ ಬೇಡ, 90 ಸಾಕು ಎಂದರೆ ಮಿಲಿವ್ಯಾಟ್‌ನಲ್ಲಿ ಸುಮಾರು 40ನೇ ಒಂದು ಪಾಲು. ಎರಡೂ ಕಿವಿಗೆ 20ನೇ ಒಂದು ಪಾಲು. ಭಾಗಿಸಿದರೆ ಉತ್ತರ 1,80,000 ಜನ. ಬೀರೂರು ಪಟ್ಟಣದ ಜನಸಂಖ್ಯೆ 20 ಸಾವಿರಕ್ಕಿಂತ ತುಸು ಹೆಚ್ಚು. ಅಂದರೆ ಒಂದು ಬಲ್ಬಿನ ಕರೆಂಟಿನಲ್ಲಿ ಏಳೆಂಟು ಬೀರೂರುಗಳು ಒಟ್ಟಿಗೆ ಕೂತು, ಜೋರಾಗಿಯೇ, ಹಾಡು ಕೇಳಬಹುದು.

ಇನ್ನೊಂದು ಜೋಡಿ ಜರ್ಮನಿಯ ಸೆನ್‌ಹೈಸರ್ ಎಚ್‌ಡಿ 600. 1997ರದು. ಇದು ತುಸು ಹೊಟ್ಟೆಬಾಕ. ಕಿವಿಗೆ ಧಾರಾಳವಾಗಿ 1 ಮಿಲಿವ್ಯಾಟ್ ಎಂದಿಟ್ಟುಕೊಂಡರೆ ಅದೇ ಬಲ್ಬಿನಲ್ಲಿ 4,500 ಜನ, ಬೀರೂರಿನ ಐದನೇ ಒಂದು ಪಾಲು. ಸೋನಿಯ ತಡೆ 63 ಓಮ್, ಇದರದು 300. ಅಲ್ಲಿ 0.04 ವೋಲ್ಟ್‌ಗೆ ಆಗುವ ಕೆಲಸ ಇಲ್ಲಿ ಅರ್ಧ ವೋಲ್ಟ್‌ವರೆಗೂ ಕೇಳಬಹುದು. ಫೋನಿಗೆ ಸಿಕ್ಕಿಸಿ ‘ಸೌಂಡೇ ಬರಲ್ಲ’ ಎಂದು ಗೊಣಗುವವರು ದೂರಬೇಕಾದ್ದು ಹೆಡ್‌ಫೋನನ್ನಲ್ಲ, ಫೋನಿನೊಳಗಿನ ಬಡ ಆಂಪ್ಲಿಫೈಯರನ್ನು.

ಆದರೆ ಇವೆರಡರ ನಿಜವಾದ ಜಗಳ ಕರೆಂಟಿನದಲ್ಲ, ಗಾಳಿಯದು. ಸೋನಿಯ ಬೆನ್ನು ಮುಚ್ಚಿದೆ. ಸೆನ್‌ಹೈಸರ್‌ನ ಬೆನ್ನಿಗೆ ಬರೀ ಲೋಹದ ಜಾಲರಿ.

ಡೊಳ್ಳಿನಿಂದ ಶುರುಮಾಡೋಣ, ಬೀರೂರು, ಕಡೂರು, ತರೀಕೆರೆ ಕಡೆಯವರಿಗೆ ಅದು ಮನೆಯ ಸದ್ದು. 60 ಹರ್ಟ್ಸ್‌ನ ಒಂದು ಮಂದ್ರನಾದ ಹಿಡಿಯಿರಿ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 346 ಮೀಟರ್ ಓಡುತ್ತದೆ, ಹಾಗಾಗಿ ಆ ನಾದದ ಒಂದೊಂದು ಅಲೆ 5.8 ಮೀಟರ್ ಉದ್ದ. ಸೋನಿಯೊಳಗಿನ ಪರದೆಯ ಅಗಲ 40 ಮಿಲಿಮೀಟರ್. ತನಗಿಂತ 145 ಪಟ್ಟು ಉದ್ದದ ಅಲೆಯನ್ನು ಅದು ಹೇಗೆ ಹುಟ್ಟಿಸೀತು? ಹುಟ್ಟಿಸುವ ಗೊಡವೆಗೇ ಹೋಗುವುದಿಲ್ಲ. ಮೆತ್ತೆ ಬಿಗಿಯಾಗಿ ಕೂತಾಗ ಕಿವಿಯ ಸುತ್ತ ಸಿಕ್ಕಿಬೀಳುವ ಗಾಳಿ ಒಂದು ಬೊಗಸೆಯೂ ಇಲ್ಲ. ಅದನ್ನೇ ಸೆಕೆಂಡಿಗೆ 60 ಸಲ ಒತ್ತಿ ಬಿಡುತ್ತದೆ. ಎಷ್ಟು ಒತ್ತಬೇಕು? 90 ಡೆಸಿಬೆಲ್ ಎಂದರೂ ಸಮುದ್ರಮಟ್ಟದ ಗಾಳಿಯೊತ್ತಡದಲ್ಲಿ 1,60,000ನೇ ಒಂದು ಪಾಲು. ಅಷ್ಟೇ ಸಾಕು, ಎದೆಗೆ ಬಡಿಯಬೇಕಾದ ಡೊಳ್ಳು ತಲೆಯೊಳಗೆ ಬಡಿಯುತ್ತದೆ. ಕನ್ನಡಕದ ಕಡ್ಡಿ ಮೆತ್ತೆಯ ಕೆಳಗೆ ಸಂದು ಮಾಡಿತೋ, ಡೊಳ್ಳಿನ ಅರ್ಧ ಜೀವ ಅಲ್ಲಿಂದಲೇ ಸೋರಿಹೋಗುತ್ತದೆ. ಎಚ್‌ಡಿ 600ರಲ್ಲಂತೂ ಸೋರುವುದೇ ವಿನ್ಯಾಸ. ಅದರಲ್ಲಿ ಡೊಳ್ಳು ಕೇಳಿದರೆ ಕೋಲು ಚರ್ಮಕ್ಕೆ ತಾಗಿದ್ದು ಸ್ಪಷ್ಟ, ಗುಡುಗು ಮಾತ್ರ ಪಕ್ಕದೂರಿನದು. ವೀರಗಾಸೆಯ ಸಂಬಾಳಕ್ಕೂ ದಿಮ್ಮಿಗೂ ಇದೇ ಮಾತು.

ತಂಬೂರಿಗೆ ಬಂದರೆ ಆಟ ತಿರುಗುತ್ತದೆ. ಒಂದೂವರೆ ಶ್ರುತಿಯ ಗಾಯಕರ ಷಡ್ಜ ಸುಮಾರು 138 ಹರ್ಟ್ಸ್. ಜೀವಾಳದ ಎಳೆ ಸರಿಯಾಗಿ ಕೂತ ತಂಬೂರಿಯಲ್ಲಿ ಆ ಒಂದು ಸ್ವರದ ಮೇಲೆ ಅದರ ಎರಡರಷ್ಟು, ಮೂರರಷ್ಟು ಎಂದು ಉಪಸ್ವರಗಳು ಮೇಲೇರುತ್ತವೆ. ಇಪ್ಪತ್ತನೆಯದು 2,700 ದಾಟಿರುತ್ತದೆ. ನಮ್ಮ ಕಿವಿ ಅತಿ ಚುರುಕಾಗಿರುವುದು 2,000ದಿಂದ 5,000 ಹರ್ಟ್ಸ್‌ನಲ್ಲಿ. ಅಲ್ಲಿ ಕೇಳಿಯೂ ಕೇಳದಂಥ ಸದ್ದಿಗೆ ಕಿವಿಯ ತಮಟೆ ಅಲುಗುವ ದೂರ ಒಂದು ಜಲಜನಕ ಪರಮಾಣುವಿನ ಅಗಲಕ್ಕಿಂತ ಕಡಿಮೆ! ಇಂಥ ನವಿರು ಕೇಳಲು ಪರದೆಯ ಹಿಂದಿನ ಸದ್ದು ಗೋಡೆಗೆ ಬಡಿದು ವಾಪಸ್ಸು ಬರಬಾರದು. ಎಚ್‌ಡಿ 600ರ ಜಾಲರಿ ಅದನ್ನು ಹೊರಗೆ ಬಿಟ್ಟುಬಿಡುತ್ತದೆ. ವೀಣೆ, ತಂಬೂರಿ, ಮಧ್ಯಮಕಾಲದ ಗಾಯನ ಎಲ್ಲವೂ ಕಿವಿಗೆ ಅಂಟದೆ ಒಂದಿಷ್ಟು ದೂರದಲ್ಲಿ ಕೂತು ಹಾಡಿದಂತಿರುತ್ತವೆ. ಸೋನಿಯಲ್ಲಿ ಅದೇ ತಂಬೂರಿ ತುಸು ಚೂಪು. ಅರ್ಧ ಗಂಟೆಯ ಆಲಾಪನೆ ನನಗಂತೂ ದಣಿವು ತರುತ್ತದೆ.

ಡಬ್ಬಿಯ ಮೇಲಿನ ಅಂಕಿಗೆ ಮರುಳಾಗುವವರಿಗೊಂದು ಮಾತು. ಸೋನಿ ಹೇಳಿಕೊಳ್ಳುವುದು 10ರಿಂದ 20,000 ಹರ್ಟ್ಸ್, ಸೆನ್‌ಹೈಸರ್ 12ರಿಂದ 39,000. ಮನುಷ್ಯರ ಕಿವಿ, ಅದೂ ಎಳೆಯದಾದರೆ, 20,000ಕ್ಕೆ ಮುಗಿಯುತ್ತದೆ. ಸಿಡಿಯ ಶಬ್ದ 22,050ಕ್ಕೆ ಮುಗಿಯುತ್ತದೆ. ಮಿಕ್ಕಿದ್ದು ಯಾರಿಗೆ? ದನಗಳ ಶ್ರವಣ 23ರಿಂದ 35,000 ಹರ್ಟ್ಸ್‌ವರೆಗೆ ಎಂದು ಪರೀಕ್ಷೆಗಳಲ್ಲಿ ಕಂಡಿದೆ. ಅಜ್ಜಂಪುರದ ಅಮೃತಮಹಲ್ ಹಸುವಿಗೆ ಕೊಂಬು ಅಡ್ಡ ಬರದಂತೆ ತೊಡಿಸಲಾದರೆ ಆ ಹೆಚ್ಚುವರಿ ಹಣ ವಸೂಲಾದೀತು. ನಮಗಲ್ಲ.

ಇನ್ನು ರೈಲು. ಬೀರೂರು ಜಂಕ್ಷನ್‌ನಲ್ಲಿ ಹತ್ತಿದರೆ ಬೆಂಗಳೂರಿಗೆ, ರೈಲಿಗೆ ತಕ್ಕಂತೆ, ಮೂರೂವರೆಯಿಂದ ನಾಲ್ಕೂವರೆ ಗಂಟೆ. ಕಿಟಕಿ ತೆರೆದ ಬೋಗಿಯಲ್ಲಿ 80 ಡೆಸಿಬೆಲ್ ಗದ್ದಲವಿದ್ದರೆ ಜಾಲರಿಯ ಹೆಡ್‌ಫೋನ್‌ಗೆ ಅದನ್ನು ತಡೆಯುವ ತಾಕತ್ತೇ ಇಲ್ಲ. ಮನೆಯಲ್ಲಿ 60ಕ್ಕೆ ಕೇಳುತ್ತಿದ್ದ ಹಾಡನ್ನು 90ಕ್ಕೆ ಏರಿಸುತ್ತೇವೆ. ಬರೀ 30 ಅಂಕ ಎನಿಸಬಹುದು. ಶಕ್ತಿಯ ಲೆಕ್ಕದಲ್ಲಿ ಅದು 1,000 ಪಟ್ಟು. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಲ್ಲಿ 80 ಡೆಸಿಬೆಲ್ ವಾರಕ್ಕೆ 40 ಗಂಟೆ, 90 ಡೆಸಿಬೆಲ್ ವಾರಕ್ಕೆ 4 ಗಂಟೆ, 100 ಡೆಸಿಬೆಲ್ ಸುಮಾರು 20 ನಿಮಿಷ. ಬೀರೂರಿನಿಂದ ಬೆಂಗಳೂರಿಗೆ ಹೋಗುವಷ್ಟರಲ್ಲಿ ವಾರದ ಪಡಿತರ ಖಾಲಿ, ವಾಪಸ್ಸು ಬರುವ ದಾರಿ ಪೂರ್ತಿ ಸಾಲ. ಮುಚ್ಚಿದ ಜೋಡಿ ಹೊರಗಿನ ಸದ್ದನ್ನು ಹತ್ತೇ ಡೆಸಿಬೆಲ್ ತಗ್ಗಿಸಿದರೂ ಗದ್ದಲದ ಶಕ್ತಿ ಹತ್ತನೇ ಒಂದಕ್ಕೆ ಇಳಿಯುತ್ತದೆ, ವಾಲ್ಯೂಮ್ ಏರಿಸುವ ಕೈ ಅಷ್ಟರಮಟ್ಟಿಗೆ ತಡೆಯುತ್ತದೆ.

ಇಷ್ಟೆಲ್ಲವನ್ನೂ ಕೇಳಿ ಮಿದುಳಿಗೆ ಮುಟ್ಟಿಸುವವು ಕಿವಿಯೊಳಗಿನ ಒಳಸಾಲಿನ ರೋಮಕೋಶಗಳು. ಒಂದು ಕಿವಿಗೆ ಸುಮಾರು 3,500, ಎರಡಕ್ಕೂ ಸೇರಿ 7,000. ಬೀರೂರಿನ ಜನಸಂಖ್ಯೆಯ ಮೂರನೇ ಒಂದರಷ್ಟು, ಬಾಳಿಡೀ ಅಷ್ಟೇ. ಸತ್ತದ್ದು ಮತ್ತೆ ಹುಟ್ಟುವುದಿಲ್ಲ. ಆದ್ದರಿಂದ ರೈಲಿಗೆ, ಡೊಳ್ಳಿಗೆ, ಅಬ್ಬರದ ಸಿನಿಮಾ ಹಾಡಿಗೆ ಮುಚ್ಚಿದ ಜೋಡಿ ಕೊಳ್ಳಿ. ಫ್ಯಾನ್ ಸದ್ದೂ ಇಲ್ಲದ ಕೋಣೆ, ವೀಣೆ ಕೇಳುವ ಪುರುಸೊತ್ತು ಎರಡೂ ಇದ್ದರಷ್ಟೇ ಜಾಲರಿಯದಕ್ಕೆ ದುಡ್ಡು ಹಾಕಿ. ಒಂದನ್ನೇ ಕೊಳ್ಳುವುದಾದರೆ ಮುಚ್ಚಿದ್ದೇ ಸರಿ.