ಗಿನಿಪಿಗ್‌ಗೆ ಯಾವ ಸೊಪ್ಪು ಹಾಕಬಹುದು, ಯಾವುದು ವಿಷ?

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದ ಕಡೆಯ ಮನೆಗಳಲ್ಲಿ ಮಕ್ಕಳ ಒತ್ತಾಯಕ್ಕೆ ಗಿನಿಪಿಗ್ ತಂದು ಸಾಕುವ ಜೈನ ಕುಟುಂಬಗಳೂ ಇವೆ. ಅದು ಅಪ್ಪಟ ಸಸ್ಯಾಹಾರಿ ಜೀವಿ. ಅಡುಗೆಮನೆಯ ನಿಯಮಕ್ಕೆ ಯಾವ ತೊಡಕೂ ಇಲ್ಲ. ಹಾಗೆಂದು ಕೈಗೆ ಸಿಕ್ಕ ಹಸಿರನ್ನೆಲ್ಲ ಹಾಕುವಂತಿಲ್ಲ. ಗಿನಿಪಿಗ್‌ಗೆ ವಾಂತಿ ಮಾಡಲು ಬರುವುದಿಲ್ಲ. ತೂಕವೂ ಒಂದು ಕಿಲೋ ಆಸುಪಾಸು, ಆದ್ದರಿಂದ ಸ್ವಲ್ಪ ವಿಷವೂ ಅದಕ್ಕೆ ಹೆಚ್ಚೇ.

ಮೊದಲು ದೂರವಿಡಬೇಕಾದದ್ದು ಕಣಗಿಲೆ. ಹೆದ್ದಾರಿಯ ನಡುಪಟ್ಟಿಯಲ್ಲಿ, ಅಪಾರ್ಟ್‌ಮೆಂಟ್ ಕಾಂಪೌಂಡ್ ಉದ್ದಕ್ಕೂ ಇದನ್ನೇ ನೆಡುತ್ತಾರೆ. ಎಲೆ, ಹೂ, ಕಡ್ಡಿ ಎಲ್ಲವೂ ಹೃದಯದ ಬಡಿತ ಕೆಡಿಸುವ ವಿಷ. ಒಣಗಿದರೂ ವಿಷ ಹೋಗುವುದಿಲ್ಲ. ಪೂಜೆಯ ಹೂಬುಟ್ಟಿಯಲ್ಲಿ ಉಳಿದ ಹೂವನ್ನು ಮಕ್ಕಳು ಪ್ರೀತಿಯಿಂದ ಗೂಡಿಗೆ ಹಾಕಿಬಿಡುತ್ತಾರೆ, ಗಮನವಿರಲಿ. ಹಳದಿ ಕಣಗಿಲೆ, ದತ್ತೂರ, ಎಕ್ಕ, ಹರಳು, ನಿತ್ಯಪುಷ್ಪ ಇವೂ ಬೇಡ. ಬಾಲ್ಕನಿಯ ಮನಿಪ್ಲಾಂಟ್, ಡಿಫನ್‌ಬೇಕಿಯಾ ಎಲೆಗಳು ಬಾಯಿ, ಗಂಟಲನ್ನು ಸುಡುತ್ತವೆ.

ಖಾಲಿ ಸೈಟುಗಳ ಸೊಪ್ಪು ಇನ್ನೂ ಮೋಸದ್ದು. ಬನ್ನೇರುಘಟ್ಟದ ಕಾಡನ್ನೂ ಆವರಿಸಿರುವ ಲಂಟಾನ ಯಕೃತ್ತನ್ನು ಹಾಳುಮಾಡುತ್ತದೆ. ಹಿಮಾಚಲದ ಪಾಲಂಪುರದ ವಿಜ್ಞಾನಿಗಳು ಈ ವಿಷವನ್ನು ಅಧ್ಯಯನ ಮಾಡಿದ್ದು ಗಿನಿಪಿಗ್‌ಗಳ ಮೇಲೆಯೇ ಎಂಬುದು ನೋವಿನ ಸಂಗತಿ. ಗೊಬ್ಬರದ ಗಿಡವೆಂದು ರೈತರು ಬೆಳೆಸುವ ಗ್ಲಿರಿಸಿಡಿಯಾವನ್ನು ಮೇಕೆ ತಿಂದು ಅರಗಿಸಿಕೊಳ್ಳುತ್ತದೆ. ಆದರೆ ಆ ಲ್ಯಾಟಿನ್ ಹೆಸರಿನ ಅರ್ಥವೇ ಇಲಿ ಕೊಲ್ಲುವುದು ಎಂದು. ಗಿನಿಪಿಗ್ ಕೂಡ ಇಲಿಯಂತೆ ದಂಶಕವೇ. ಸುಬಾಬುಲ್ ಸೊಪ್ಪು ಮೆಲುಕು ಹಾಕದ ಪ್ರಾಣಿಗಳಲ್ಲಿ ಕೂದಲು ಉದುರಿಸುತ್ತದೆ. "ಮೇಕೆ ತಿನ್ನುತ್ತದಲ್ಲ" ಎಂಬ ಮಾತನ್ನು ನಂಬಬಾರದು.

ನಿಶ್ಚಿಂತೆಯಿಂದ ಕೊಡಬಹುದಾದವು: ಗರಿಕೆ, ದಾಸವಾಳದ ಎಲೆ ಮತ್ತು ಹೂ, ಸೀಬೆ ಎಲೆ, ಹಿಪ್ಪುನೇರಳೆ ಎಲೆ, ಗುಲಾಬಿ ಎಸಳು, ಕೊತ್ತಂಬರಿ. ಪುದೀನ ಸ್ವಲ್ಪ ಸಾಕು; ಪಾಲಕ್ ಅಪರೂಪಕ್ಕೆ. ಔಷಧಿ ಹೊಡೆದ ತೋಟದ್ದಾಗಿರಬಾರದು, ಅಂಗಡಿಯ ಗುಲಾಬಿಯಂತೂ ಬೇಡವೇ ಬೇಡ.

ಕಂದಮೂಲ ತರದ ಮನೆಯವರು ಕ್ಯಾರೆಟ್ ಇಲ್ಲವೆಂದು ಕೊರಗಬೇಕಿಲ್ಲ. ಅದು ಗಿನಿಪಿಗ್‌ಗೆ ಅಗತ್ಯವೇ ಅಲ್ಲ, ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆಯಂತೂ ಅಪಾಯ. ಬೇಕಾದದ್ದು ವಿಟಮಿನ್ ಸಿ. ಮನುಷ್ಯರಂತೆ ಅದೂ ಇದನ್ನು ದೇಹದಲ್ಲಿ ತಯಾರಿಸಿಕೊಳ್ಳಲಾರದು. ದಿನಕ್ಕೆ ಕಿಲೋ ತೂಕಕ್ಕೆ 10ರಿಂದ 30 ಮಿಲಿಗ್ರಾಂ ಬೇಕು. ದಪ್ಪ ಮೆಣಸಿನಕಾಯಿಯ ಒಂದು ಹೋಳು, ಚೂರು ಸೀಬೆಹಣ್ಣು ಇದನ್ನು ಪೂರೈಸುತ್ತವೆ.

ಇನ್ನೊಂದು ಮಾತು. ರಾತ್ರಿ ಭೋಜನ ತ್ಯಾಗ ಪಾಲಿಸುವ ಮನೆಯಲ್ಲೂ ಗೂಡಿನ ಒಣಹುಲ್ಲನ್ನು ಸೂರ್ಯಾಸ್ತಕ್ಕೆ ತೆಗೆಯಬಾರದು. ಅದರ ಕರುಳು ಹಗಲು ರಾತ್ರಿ ನಡೆಯುತ್ತಲೇ ಇರಬೇಕು. ಅರ್ಧ ದಿನ ಹೊಟ್ಟೆ ಖಾಲಿಯಿದ್ದರೂ ಪ್ರಾಣಕ್ಕೆ ಸಂಚಕಾರ.

ತಿನ್ನುವುದನ್ನು ನಿಲ್ಲಿಸಿ, ಮೈ ಮುದುರಿ ಕುಳಿತು, ಹಿಕ್ಕೆ ಹಾಕದಿದ್ದರೆ ಮನೆಮದ್ದು ಮಾಡುತ್ತ ಬೆಳಗಿನವರೆಗೆ ಕಾಯಬಾರದು. ಕೂಡಲೇ ಪಶುವೈದ್ಯರಲ್ಲಿಗೆ ಒಯ್ಯಬೇಕು. ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಹೋಗುವಾಗ ಅದು ಕಚ್ಚಿದ ಗಿಡದ ಒಂದು ರೆಂಬೆಯನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಬೇಕು.