ಅರಳುಮರಳು ಮತ್ತು ಸನ್ನಿ

ಅರವತ್ತಕ್ಕೆ ಅರಳುಮರಳು ಎಂಬ ಮಾತು ನಮ್ಮಲ್ಲಿ ಹಾಸ್ಯಕ್ಕೆ ಬಳಕೆಯಾಗುತ್ತದೆ. ಹಿರಿಯರಲ್ಲಿ ಇನ್ನೊಂದು ಪದವೂ ಇತ್ತು: ಸನ್ನಿ. ವಾತ, ಪಿತ್ತ, ಕಫ ಮೂರೂ ಒಟ್ಟಿಗೆ ಕೆರಳಿದಾಗ ಬರುವುದೆಂದು ಆಯುರ್ವೇದ ಹೇಳುವ ಸನ್ನಿಪಾತದಿಂದ ಬಂದ ಪದವದು. ನಾನು ವೈದ್ಯನಲ್ಲ, ಕನ್ನಡ ಕಲಿಸಿ ನಿವೃತ್ತನಾದವನು. ಆದರೂ ಈ ಎರಡು ಪದಗಳ ಅಂತರವನ್ನು ಕೇಳುಗರ ಮುಂದಿಡಬೇಕೆನಿಸಿದೆ. ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ಆ ಅಂತರ ಮರೆತರೆ ಜೀವಕ್ಕೇ ಅಪಾಯ.

ಅರಳುಮರಳನ್ನು ವೈದ್ಯರು ಡಿಮೆನ್ಷಿಯಾ ಎನ್ನುತ್ತಾರೆ. ಅದು ಮುಪ್ಪಿನ ಸಹಜ ಗುಣವಲ್ಲ, ಮಿದುಳಿನ ರೋಗ. ಜರ್ಮನಿಯ ಆಲ್ಝೈಮರ್ ಅದರ ಮುಖ್ಯ ಬಗೆಯೊಂದನ್ನು 1906ರಲ್ಲಿ ವಿವರಿಸಿದನು. ಭಾರತದಲ್ಲಿ ಅರವತ್ತು ದಾಟಿದ ಸುಮಾರು 88 ಲಕ್ಷ ಮಂದಿಗೆ ಈ ರೋಗವಿದೆಯೆಂದು 2023ರಲ್ಲಿ ಪ್ರಕಟವಾದ ಅಂದಾಜು. ಅದು ವರ್ಷಗಟ್ಟಲೆ ಮೆಲ್ಲನೆ ಆವರಿಸುತ್ತದೆ. ಸನ್ನಿಯಾದರೋ ಗಂಟೆಗಳಲ್ಲಿ, ದಿನಗಳಲ್ಲಿ ಬರುತ್ತದೆ. ಮೈಯಲ್ಲಿ ನೀರು ಬತ್ತುವುದು, ಮೂತ್ರದ ಸೋಂಕು, ನ್ಯುಮೋನಿಯಾ, ಸಕ್ಕರೆ ಇಳಿಯುವುದು, ಹೊಸ ಮಾತ್ರೆ, ಬಿದ್ದ ಪೆಟ್ಟಿಗೆ ತಲೆಯೊಳಗೆ ರಕ್ತ ಕಟ್ಟುವುದು, ಹೀಗೆ ಕಾರಣಗಳು ಹಲವು. ಬಹುತೇಕ ಇವೆಲ್ಲ ಚಿಕಿತ್ಸೆಗೆ ಬಗ್ಗುವಂಥವು. ಅರಳುಮರಳು ಇದ್ದವರಿಗೇ ಸನ್ನಿ ಬೇಗ ತಗಲುತ್ತದೆ ಎಂಬುದೇ ಇಲ್ಲಿನ ತೊಡಕು.

ಯಾದಗಿರಿ ಸೀಮೆಯ ಬೇಸಿಗೆ ನಲವತ್ತು ಡಿಗ್ರಿ ದಾಟುವಂಥದು. ಸುರಪುರದ ಕಡೆಯ ಹಳ್ಳಿಯ ಮುದುಕಿಯೊಬ್ಬಳು ದಿನವಿಡೀ ಮಂಪರಿನಲ್ಲಿದ್ದಾಳೆಂದುಕೊಳ್ಳಿ. ಕೂಗಾಟವಿಲ್ಲ. ಹೀಗೆ ಮೌನವಾಗಿ ಬರುವ ಸನ್ನಿಯೇ ಹೆಚ್ಚಾಗಿ ಕಣ್ತಪ್ಪುತ್ತದೆ. ಮೊದಲು ತಾಲ್ಲೂಕು ಆಸ್ಪತ್ರೆ; ಆಮೇಲೆ ಶಹಾಪುರದ ಮೇಲೆ ಭೀಮೆಯನ್ನು ದಾಟಿ ಯಾದಗಿರಿಯ ಜಿಲ್ಲಾ ಆಸ್ಪತ್ರೆ. ಪ್ರತಿ ಬಾಗಿಲಲ್ಲೂ ಮಗ ಹೇಳುತ್ತಾನೆ: "ವಯಸ್ಸಾಗೇದ್ರಿ, ಮೊದ್ಲಿಂದ ಅರಳುಮರಳು ಅದ." ಈ ಒಂದು ಮಾತಿಗೆ ಕಾರಣದ ಶೋಧವೇ ನಿಂತುಹೋಗಬಹುದು. ಅವನು ಹೇಳಬೇಕಾದದ್ದು: "ಸಾಹೇಬ್ರೇ, ಮೊನ್ನೆ ತನಕ ನಮ್ಮವ್ವ ನಮ್ಮ ಗುರ್ತು ಹಿಡೀತಿದ್ಲು. ನಿನ್ನೆ ಸಂಜಿಂದ ಹಿಡೀವಲ್ಲಳ್ರಿ." ಯಾವ ಯಂತ್ರವೂ ಕೊಡಲಾರದ ಮಾಹಿತಿ ಇದು.

ಈ ಭಾಗಕ್ಕೆ ವಿಶೇಷವಾದ ಸಂಗತಿಯೊಂದಿದೆ. 1948ರವರೆಗೆ ಇದು ನಿಜಾಮರ ಸೀಮೆ. ಶಾಲೆಯ ಓದು ಉರ್ದುವಿನಲ್ಲಿ. ಈ ರೋಗದಲ್ಲಿ ಇತ್ತೀಚಿನ ನೆನಪು ಮೊದಲು ಅಳಿಯುತ್ತದೆ, ಬಾಲ್ಯದ್ದು ಬಹುಕಾಲ ಉಳಿಯುತ್ತದೆ. ಅಂದು ಓದಿದ ವೃದ್ಧನೊಬ್ಬ ಉರ್ದುವಿನಲ್ಲಿ ಲೆಕ್ಕ ಹೇಳಿದರೆ, ದೂರದ ಜಿಲ್ಲೆಯಿಂದ ಬಂದ ಎಳೆಯ ವೈದ್ಯರು ಅದನ್ನು ಬಡಬಡಿಕೆಯೆಂದು ಬರೆದುಕೊಳ್ಳಬಾರದು. ಶಾಲೆಯನ್ನೇ ಕಾಣದವಳಿಗೆ ಇಸವಿ ಕೇಳಿ ಫಲವೇನು? ಬಿತ್ತನೆ ಮುಗಿಯಿತೇ, ಯಾವ ಜಾತ್ರೆ ಆಯಿತು ಎಂದು ಕೇಳಬೇಕು.

ತುರ್ತು ವಿಭಾಗದ ಬೆಳಕು, ಸದ್ದು, ಅಪರಿಚಿತ ಮುಖಗಳು ಸನ್ನಿಯನ್ನು ಹೆಚ್ಚಿಸುತ್ತವೆ. ಜನಸಂದಣಿಯನ್ನು ತಡೆಯಲು ಜೊತೆಗಾರರನ್ನೆಲ್ಲ ಹೊರಗೆ ಕಳಿಸುವುದು ಅರ್ಥವಾಗುವಂಥದೇ. ಆದರೆ ಇಂಥ ರೋಗಿಯ ಬಳಿ ಪರಿಚಿತರೊಬ್ಬರು ಇರಲೇಬೇಕೆಂದು ನನ್ನ ಅಭಿಪ್ರಾಯ. ಕನ್ನಡಕ ಹಾಕಿಸಿ, ಎದುರಿಗೆ ನಿಂತು, ಸೂಜಿ ಚುಚ್ಚುವ ಮೊದಲು ಹೇಳಿ ಚುಚ್ಚಿದರೆ ಅರ್ಧ ಗಲಾಟೆ ಅಡಗುತ್ತದೆ. ಕೈಕಟ್ಟಿದರೆ ಭಯ ಹೆಚ್ಚುತ್ತದೆ. ನಿದ್ರೆಯ ಚುಚ್ಚುಮದ್ದು ಎಷ್ಟೋ ಸಲ ಗೊಂದಲವನ್ನೇ ಬೆಳೆಸುತ್ತದೆ. ನೋವನ್ನು ಬಾಯಿಬಿಟ್ಟು ಹೇಳಲಾರದವರ ಮುಖವನ್ನು ನೋಡಬೇಕು. ಮನೆಯವರು ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ತಂದರೆ ವೈದ್ಯರಿಗೆ ದೊಡ್ಡ ಉಪಕಾರ.

ಸನ್ನಿ ಇಳಿಯಲು ದಿನಗಳು, ಕೆಲವೊಮ್ಮೆ ವಾರಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ಹೊಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಆತುರವನ್ನೂ ಮನೆಯವರು ಬಿಡಬೇಕು.