ಬಲಿಪೀಠದ ಮುಂದಿನ ಗೋಡೆ

ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯ ವಡಕ್ಕನ್‌ಕುಳಂ ಎಂಬ ಊರಿನಲ್ಲಿ 1872ರಲ್ಲಿ ಒಂದು ವಿಚಿತ್ರ ಆಕಾರದ ಇಗರ್ಜಿ ಎದ್ದು ನಿಂತಿತು. ಎರಡು ಉದ್ದನೆಯ ಅಂಕಣಗಳು ಬೇರೆ ಬೇರೆ ದಿಕ್ಕಿನಿಂದ ಬಂದು ಬಲಿಪೀಠದ ಬಳಿ ಕೂಡುತ್ತಿದ್ದವು. ಮೇಲಿನಿಂದ ನೋಡಿದರೆ ಷರಾಯಿಯ ಎರಡು ಕಾಲುಗಳಂತೆ. ಒಂದು ಕಾಲಿನಲ್ಲಿ ವೆಲ್ಲಾಳರು ಮತ್ತು ಅವರ ಸರಿಸಮಾನರೆನಿಸಿಕೊಂಡವರು, ಇನ್ನೊಂದರಲ್ಲಿ ನಾಡಾರರು. ಪೂಜೆ ಅರ್ಪಿಸುವ ಪಾದ್ರಿ ಇಬ್ಬರಿಗೂ ಕಾಣುತ್ತಿದ್ದರು. ಭಕ್ತರು ಮಾತ್ರ ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ.

1910ರಲ್ಲಿ ಧರ್ಮಗುರುಗಳು ನಡುವಿನ ತಡೆಯನ್ನು ಕೆಡವಿಸಿದರು. ವೆಲ್ಲಾಳರು ಸುಮ್ಮನಿರಲಿಲ್ಲ, ತಮ್ಮ ಪ್ರತ್ಯೇಕ ಜಾಗ ಮರಳಿ ಬೇಕೆಂದು ನ್ಯಾಯಾಲಯದ ಮೆಟ್ಟಿಲೇರಿದರು. ಮೊಕದ್ದಮೆ ಮದ್ರಾಸ್ ಹೈಕೋರ್ಟಿನವರೆಗೂ ಹೋಯಿತು. ಕ್ರೈಸ್ತರಾದ ಮೇಲೆ ಇನ್ನೊಬ್ಬ ಕ್ರೈಸ್ತನ ಸ್ಪರ್ಶದಿಂದ ಮೈಲಿಗೆಯಾಗುತ್ತದೆಂದು ಹೇಳಿಕೊಂಡು ಹಕ್ಕು ಕೇಳಲಾಗದು ಎಂಬ ಅರ್ಥದ ತೀರ್ಪು ಬಂದಿತು. ಯೇಸುವಿನಲ್ಲಿ ಯೆಹೂದ್ಯನೂ ಇಲ್ಲ, ಗ್ರೀಕನೂ ಇಲ್ಲ, ಎಲ್ಲರೂ ಒಂದೇ ಎಂದು ಗಲಾತ್ಯದವರಿಗೆ ಪೌಲನು ಬರೆದು ಹದಿನೆಂಟು ಶತಮಾನಗಳಿಗೂ ಹೆಚ್ಚು ಕಾಲ ಕಳೆದಿತ್ತು. ಆ ಮಾತನ್ನು ಅವನ ಓದುಗರಿಗೇ ನೆನಪಿಸಲು ಬ್ರಿಟಿಷ್ ಸರ್ಕಾರದ ನ್ಯಾಯಾಲಯ ಬೇಕಾಯಿತು.

ಈ ಗೋಡೆ ಒಂದೇ ದಿನದಲ್ಲಿ ಎದ್ದದ್ದಲ್ಲ. 1606ರಲ್ಲಿ ಮಧುರೆಗೆ ಬಂದ ಇಟಲಿಯ ಜೆಸ್ವಿತ್ ಪಾದ್ರಿ ರಾಬರ್ಟ್ ಡಿ ನೊಬಿಲಿ ಕಾವಿ ಉಟ್ಟರು, ಮಾಂಸ ಬಿಟ್ಟರು, ಸಂಸ್ಕೃತ ಕಲಿತರು. ಜಾತಿಯೆಂಬುದು ಉಡುಗೆ ತೊಡುಗೆಯಂತೆ ಲೌಕಿಕ ಆಚಾರ, ಅದಕ್ಕೂ ವಿಶ್ವಾಸಕ್ಕೂ ಸಂಬಂಧವಿಲ್ಲ ಎಂಬುದು ಅವರ ವಾದವಾಗಿತ್ತು. ಜನಿವಾರ, ಜುಟ್ಟು, ಗಂಧಗಳನ್ನು ಇಟ್ಟುಕೊಂಡೇ ಕ್ರೈಸ್ತರಾಗಲು 1623ರಲ್ಲಿ ಪೋಪ್ ಹದಿನೈದನೆಯ ಗ್ರೆಗೊರಿ ಅನುಮತಿ ಕೊಟ್ಟರು. ಪರದೇಶದ ಧರ್ಮವನ್ನು ಈ ನೆಲದ ಭಾಷೆಯಲ್ಲಿ ಹೇಳುವ ಸಾಹಸವೆಂದು ಡಿ ನೊಬಿಲಿಯನ್ನು ಇಂದಿಗೂ ಮೆಚ್ಚುವವರಿದ್ದಾರೆ, ಮೆಚ್ಚಬೇಕಾದ್ದೂ ಇದೆ. ಆದರೆ ಅದಕ್ಕೆ ತೆತ್ತ ಬೆಲೆಯನ್ನು ಯಾರೋ ಕೊಡಬೇಕಾಗಿತ್ತು. ಮೇಲ್ಜಾತಿಯವರ ನಡುವೆ ಓಡಾಡುವ ಪಾದ್ರಿ ಕೆಳಜಾತಿಯವರ ಬಳಿ ಸುಳಿಯುವಂತಿರಲಿಲ್ಲ. ಅವರಿಗಾಗಿ 1640ರ ಹೊತ್ತಿಗೆ ಪಂಡಾರಸ್ವಾಮಿಗಳೆಂಬ ಬೇರೆಯೇ ಪಾದ್ರಿಗಳು ಬಂದರು. ಗೋಡೆ ಮೊದಲು ಎದ್ದದ್ದು ಪಾದ್ರಿಗಳ ನಡುವೆಯೇ ಎನ್ನಬಹುದು.

ಪ್ರಾಟೆಸ್ಟೆಂಟರ ಕತೆಯೂ ಹೆಚ್ಚು ಬೇರೆಯಲ್ಲ. ಅಲ್ಲಿ ತೊಡಕಾದದ್ದು ಬಟ್ಟಲು. ಪ್ರಭುಭೋಜನದಲ್ಲಿ ಒಂದೇ ಬಟ್ಟಲಿನ ದ್ರಾಕ್ಷಾರಸವನ್ನು ಎಲ್ಲರೂ ಗುಟುಕರಿಸಬೇಕು. ಎಂಜಲಿನ ಕಲ್ಪನೆಯಲ್ಲಿ ಬೆಳೆದ ನಮಗೆ ಇದರ ಬಿಕ್ಕಟ್ಟನ್ನು ಬಿಡಿಸಿ ಹೇಳಬೇಕಿಲ್ಲ. ಬಟ್ಟಲು ಮೊದಲು ಯಾರ ತುಟಿಗೆ, ಚಾಪೆ ಯಾರಿಗೆ, ಬರಿನೆಲ ಯಾರಿಗೆ ಎಂಬ ಪ್ರಶ್ನೆಗಳು ತಂಜಾವೂರು, ಮದರಾಸುಗಳ ಸಭೆಗಳನ್ನು ಅಲ್ಲಾಡಿಸಿದವು. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಸುತ್ತೋಲೆ ಹೊರಡಿಸಿ ಜಾತಿಯನ್ನು ಕೂಡಲೇ, ಪೂರ್ತಿಯಾಗಿ ಬಿಡತಕ್ಕದ್ದೆಂದು ವಿಧಿಸಿದಾಗ ಅನೇಕರು ಸಭೆಯನ್ನೇ ಬಿಟ್ಟರು, ಜಾತಿಯನ್ನು ಬಿಡಲಿಲ್ಲ. ತಂಜಾವೂರಿನ ಪ್ರಸಿದ್ಧ ಕ್ರೈಸ್ತ ಕವಿ ವೇದನಾಯಗಂ ಶಾಸ್ತ್ರಿಗಳೇ ಮೇಲ್ಜಾತಿಯವರ ಪರವಾಗಿ ಲೇಖನಿ ಹಿಡಿದಿದ್ದರು. ತಮ್ಮ ಗುರುಗಳಾದ ಹಳೆಯ ಜರ್ಮನ್ ಪಾದ್ರಿಗಳು ನಡೆಸಿಕೊಂಡು ಬಂದದ್ದನ್ನು ಹೊಸಬರು ಕೆಡಿಸುತ್ತಿದ್ದಾರೆಂಬುದು ಅವರ ಸಿಟ್ಟು. ಭಕ್ತಿಗೂ ಅನ್ಯಾಯಕ್ಕೂ ಒಂದೇ ಎದೆಯಲ್ಲಿ ಜಾಗ ಸಿಗುವುದು ಹೀಗೆ.

ನಮ್ಮ ಕರಾವಳಿಗೆ 1834ರಲ್ಲಿ ಬಂದ ಬಾಸೆಲ್ ಮಿಶನ್ ಈ ವಿಷಯದಲ್ಲಿ ಕಟ್ಟುನಿಟ್ಟಾಗಿತ್ತು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಊರಿಡೀ ಗದ್ದಲವೆದ್ದಿತ್ತು. ಅದೇ ಕೌಂಡಿನ್ಯರು ಮುಂದೆ, ‘ಮಂಗಳೂರ ಸಮಾಚಾರ’ದ ಮೋಗ್ಲಿಂಗ್ ಜೊತೆಗೂಡಿ, ಕೊಡಗಿನ ಆನಂದಪುರದಲ್ಲಿ ಜೀತದಲ್ಲಿದ್ದ ದಲಿತ ಕುಟುಂಬಗಳಿಗಾಗಿ ನೆಲೆ ಕಟ್ಟುವ ಕೆಲಸಕ್ಕೆ ಕೈ ಹಾಕಿದರು. ಕ್ರೈಸ್ತರಾದವರಿಗೆ ಹಳೆಯ ಕಸುಬು, ಒಕ್ಕಲು ತಪ್ಪುತ್ತಿದ್ದುದರಿಂದ ಮಿಶನ್ನು ನೇಯ್ಗೆ ಮತ್ತು ಹಂಚಿನ ಕಾರ್ಖಾನೆಗಳನ್ನು ತೆರೆಯಿತು. ಮಗ್ಗದ ಮುಂದೆ, ಆವಿಗೆಯ ಮುಂದೆ ಕುಲ ಕೇಳಿ ಕೆಲಸ ಹಂಚುವಂತಿರಲಿಲ್ಲ. ಪ್ರಸಂಗಕ್ಕಿಂತ ಹಂಚಿನ ಕಾರ್ಖಾನೆಯೇ ಹೆಚ್ಚು ಕೆಲಸ ಮಾಡಿರಬೇಕೆಂದು ನನ್ನ ಊಹೆ. ಅದೇ ಕರಾವಳಿಯ ಕೊಂಕಣಿ ಕ್ಯಾಥೋಲಿಕರಲ್ಲಾದರೋ ಬಾಮೊಣ್, ಚಾರೊಡಿ, ಶೂದಿರ್ ಎಂಬ ಹೆಸರುಗಳು ಗೋವೆಯಿಂದ ಜೊತೆಯಲ್ಲೇ ಬಂದವು. ಪೂಜೆಯಲ್ಲಿ ಮರೆಯಾದರೂ ಮದುವೆಯ ಮಾತುಕತೆಯಲ್ಲಿ ನೆನಪಾಗುತ್ತಿದ್ದವು.

ಇಷ್ಟೆಲ್ಲ ಆದರೂ ಕೆಳಗಿದ್ದವನ ಮಾತು ದೈವಶಾಸ್ತ್ರವೆನಿಸಿಕೊಳ್ಳಲು ಬಹಳ ಕಾಲ ಹಿಡಿಯಿತು. ಅದು ನಡೆದದ್ದು ಬೆಂಗಳೂರಿನಲ್ಲಿ. 1981ರಲ್ಲಿ ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಒಂದು ಭಾಷಣ ಮಾಡಿದರು. ಭಾರತೀಯ ಕ್ರೈಸ್ತ ಚಿಂತನೆಯೆಂದರೆ ಅದುವರೆಗೆ ವೇದಾಂತದೊಂದಿಗಿನ ಸಂವಾದ. ಬಂಗಾಳದ ಬ್ರಹ್ಮಬಾಂಧವ ಉಪಾಧ್ಯಾಯರು ತ್ರಿಯೇಕ ದೇವರನ್ನು ಸಚ್ಚಿದಾನಂದ ಎಂದು ಕರೆದದ್ದು ಅದರ ಒಂದು ಮಾದರಿ. ನಿರ್ಮಲ್ ಕೇಳಿದ ಪ್ರಶ್ನೆ ಸರಳವಾಗಿತ್ತು: ಚರ್ಚಿನಲ್ಲಿ ಕುಳಿತವರಲ್ಲಿ ಹೆಚ್ಚಿನವರು ಯಾರ ಮಕ್ಕಳು? ವೇದ ಕೇಳಿದರೆ ಕಿವಿಗೆ ಕಾದ ಸೀಸ ಎಂದು ಯಾರಿಗೆ ಹೇಳಲಾಗಿತ್ತೋ ಅವರ ಮಕ್ಕಳು. ಅವರ ದೇವರನ್ನು ವೇದಾಂತದ ನುಡಿಯಲ್ಲೇ ಹೇಳಬೇಕೆ?

ದಲಿತ ದೈವಶಾಸ್ತ್ರ ಎಂಬ ಹೆಸರಿನಲ್ಲಿ ಬೆಳೆದ ಈ ಚಿಂತನೆ ಬೈಬಲ್ಲನ್ನು ಕೆಳಗಿನಿಂದ ಓದತೊಡಗಿತು. ಶಿಷ್ಯರ ಕಾಲು ತೊಳೆದ ಯೇಸು, ಶಿಲುಬೆಯ ಮೇಲೆ ಬಾಯಾರಿದ ಯೇಸು, ದೇವಾಲಯದ ಅಂಗಳದಲ್ಲಿ ವ್ಯಾಪಾರಿಗಳ ಮೇಜು ಉರುಳಿಸಿ ಅನ್ಯರಿಗೆ ಪ್ರಾರ್ಥನೆಯ ಜಾಗ ಬಿಡಿಸಿಕೊಟ್ಟ ಯೇಸು. ಯೋಹಾನನ ಸುವಾರ್ತೆಯಲ್ಲಿ ಸಮಾರ್ಯದ ಹೆಂಗಸಿನ ಬಳಿ ಅವನು ಬಾವಿಯ ನೀರು ಕೇಳುವ ಪ್ರಸಂಗ ಯುರೋಪಿನವನಿಗೆ ಒಂದು ಸಂಭಾಷಣೆ ಮಾತ್ರ. ಊರ ಬಾವಿಗೆ ಬಿಂದಿಗೆ ಇಳಿಸಲು ಬಿಡದವರ ಮನೆಯ ಮಗಳಿಗೆ ಅದು ಬೇರೆಯೇ ಕತೆ.

ಆದರೆ ಚರ್ಚಿನ ಹೊರಗೆ ಇನ್ನೊಂದು ಗೋಡೆ ಇತ್ತು, ಅದು ಕಾನೂನಿನದು. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಹಿಂದೂವಲ್ಲದವನು ಪರಿಶಿಷ್ಟ ಜಾತಿಯವನಾಗಲಾರ. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿಕೊಳ್ಳಲಾಯಿತು. ಕ್ರೈಸ್ತರು ಮತ್ತು ಮುಸಲ್ಮಾನರು ಹೊರಗೇ ಉಳಿದರು. ಇದರ ಗೋಜಲನ್ನು ನಮ್ಮ ಕೋಲಾರ ಚಿನ್ನದ ಗಣಿಯೇ ತೋರಿಸಿಕೊಟ್ಟಿತು. 1967ರಲ್ಲಿ ಅಲ್ಲಿನ ಮೀಸಲು ಕ್ಷೇತ್ರದಿಂದ ಗೆದ್ದ ಎಸ್. ರಾಜಗೋಪಾಲ್ ಒಮ್ಮೆ ಕ್ರೈಸ್ತರಾಗಿದ್ದವರೆಂಬ ಕಾರಣಕ್ಕೆ ಅವರ ಆಯ್ಕೆ ರದ್ದಾಯಿತು. 1968ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. 1972ರಲ್ಲಿ ಅವರು ಮತ್ತೆ ಗೆದ್ದರು, ಎದುರಾಳಿ ಸಿ.ಎಂ. ಆರ್ಮುಗಂ ಮತ್ತೆ ದಾವೆ ಹೂಡಿದರು. ಈ ಸಲ, 1975ರಲ್ಲಿ, ಅದೇ ಸುಪ್ರೀಂ ಕೋರ್ಟು ರಾಜಗೋಪಾಲರ ಪರ ನಿಂತಿತು. ಮತ ಬದಲಾದ ಮಾತ್ರಕ್ಕೆ ಜಾತಿ ಕಳಚಿಹೋಗಲೇಬೇಕೆಂದಿಲ್ಲ, ದಕ್ಷಿಣ ಭಾರತದಲ್ಲಂತೂ ಹಾಗಾಗದ ಉದಾಹರಣೆಗಳಿವೆ, ಹಿಂದೂ ಧರ್ಮಕ್ಕೆ ಮರಳಿದವನನ್ನು ಜಾತಿಯವರು ಒಪ್ಪಿಕೊಂಡರೆ ಸಾಕು ಎಂಬುದು ಆ ತೀರ್ಪಿನ ತಿರುಳು. ಮರಳಿ ಬಂದವನಿಗೇನೋ ದಾರಿ ಸಿಕ್ಕಿತು. ಬಾರದೆ ಉಳಿದವನಿಗೆ?

ಆ ಪ್ರಶ್ನೆಯನ್ನು ಮದರಾಸಿನ ರಸ್ತೆ ಬದಿಯಲ್ಲಿ ಕುಳಿತು ಚಪ್ಪಲಿ ಹೊಲಿಯುತ್ತಿದ್ದ ಒಬ್ಬ ಕ್ರೈಸ್ತ ಸುಪ್ರೀಂ ಕೋರ್ಟಿಗೆ ಒಯ್ದ. ಪರಿಶಿಷ್ಟ ಜಾತಿಯ ಚಮ್ಮಾರರಿಗೆ ಸರ್ಕಾರ ಕೊಟ್ಟ ಪೆಟ್ಟಿಗೆ ಅಂಗಡಿ ಅವನಿಗೆ ಸಿಕ್ಕಿರಲಿಲ್ಲ. 1985ರ ತೀರ್ಪು ಅವನ ವಿರುದ್ಧ ಹೋಯಿತು. ಮತಾಂತರದ ನಂತರವೂ ಜಾತಿ ಉಳಿದಿದೆಯೆಂದರೆ ಸಾಲದು. ಹಿಂದೂ ಸಮಾಜದಲ್ಲಿದ್ದಷ್ಟೇ ತೀವ್ರವಾದ ಅವಮಾನ, ಅಡಚಣೆಗಳು ಹೊಸ ಧರ್ಮದಲ್ಲೂ ಇವೆಯೆಂದು ಆಧಾರ ಸಹಿತ ತೋರಿಸಬೇಕು ಎಂದಿತು ನ್ಯಾಯಾಲಯ.

ಚರ್ಚಿನ ಒಳಗಿನ ಜಗಳ ಅಂದಿನಿಂದ ಬೇರೆ ರೂಪ ಪಡೆಯಿತು ಎನ್ನಬೇಕು. ನಮ್ಮಲ್ಲಿ ಜಾತಿ ಇಲ್ಲ ಎಂದು ಹೇಳುವುದು ಪಾದ್ರಿಗೆ ಧರ್ಮವಾಗಿ ಕಂಡಿತ್ತು. ಆದರೆ ಆ ಮಾತು ಬಾಯಿಂದ ಹೊರಟಾಗಲೆಲ್ಲ ಹಿಂದಿನ ಬೆಂಚಿನಲ್ಲಿ ಕುಳಿತವನ ಮೊಕದ್ದಮೆ ಒಂದಿಷ್ಟು ದುರ್ಬಲವಾಗುತ್ತಿತ್ತು. ತನ್ನ ಹಕ್ಕಿಗಾಗಿ ಅವನು ತನ್ನ ಸಭೆಯ ವಿರುದ್ಧವೇ ಸಾಕ್ಷಿ ಹೇಳಬೇಕು. ಹೇಳಿದರೆ ಧರ್ಮಕ್ಕೆ ಕಳಂಕ ತಂದವನೆಂಬ ಮಾತು, ಹೇಳದಿದ್ದರೆ ಪೆಟ್ಟಿಗೆ ಅಂಗಡಿಯೂ ಇಲ್ಲ.

ಒಪ್ಪಿಕೊಳ್ಳುವವರು ನಿಧಾನವಾಗಿ ಬಂದರು. ತಮಿಳುನಾಡಿನ ಬಿಷಪರೊಡನೆ 2003ರಲ್ಲಿ ಮಾತನಾಡುತ್ತ ಪೋಪ್ ಎರಡನೆಯ ಜಾನ್ ಪಾಲ್ ಜಾತಿಭೇದವನ್ನು ಖಂಡಿಸಿದರು. ರಂಗನಾಥ ಮಿಶ್ರಾ ಆಯೋಗ 2007ರ ವರದಿಯಲ್ಲಿ ಪರಿಶಿಷ್ಟ ಜಾತಿಯ ಸ್ಥಾನವನ್ನು ಧರ್ಮದಿಂದ ಬಿಡಿಸಬೇಕೆಂದಿತು. ಭಾರತದ ಕ್ಯಾಥೋಲಿಕ್ ಬಿಷಪರು 2016ರ ಡಿಸೆಂಬರಿನಲ್ಲಿ ಹೊರತಂದ ದಲಿತ ಸಬಲೀಕರಣ ನೀತಿಯಲ್ಲಿ ತಮ್ಮ ಮನೆಯೊಳಗೇ ಅಸ್ಪೃಶ್ಯತೆ ಇದೆಯೆಂದು ಬರವಣಿಗೆಯಲ್ಲಿ ಒಪ್ಪಿ, ಅದನ್ನು ಪಾಪವೆಂದು ಕರೆದರು. 2022ರ ಆಗಸ್ಟಿನಲ್ಲಿ ಹೈದರಾಬಾದಿನ ಆರ್ಚ್‌ಬಿಷಪ್ ಆಂತೋಣಿ ಪೂಲ ಭಾರತದ ಮೊದಲ ದಲಿತ ಕಾರ್ಡಿನಲ್ ಆದರು.

ಅದೇ ವರ್ಷದ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ನೇತೃತ್ವದಲ್ಲಿ ಮತ್ತೊಂದು ಆಯೋಗ ನೇಮಿಸಿತು. ಮತಾಂತರಗೊಂಡ ದಲಿತರ ಸ್ಥಿತಿಗತಿಯಲ್ಲಿ ಏನು ಬದಲಾಗಿದೆ, ಏನು ಬದಲಾಗಿಲ್ಲ ಎಂದು ಅದು ವಿಚಾರಿಸಬೇಕಾಗಿತ್ತು. ಅಂಥ ಆಯೋಗದ ಮುಂದೆ ಹಾಜರುಪಡಿಸಲು ವಡಕ್ಕನ್‌ಕುಳಂನ ಹಳೆಯ ಗೋಡೆಯಿದೆ, ಹೈಕೋರ್ಟಿನ ದಾಖಲೆಯಿದೆ, ಬಿಷಪರೇ ಸಹಿ ಮಾಡಿದ ನೀತಿಯಿದೆ. ಇಂದಿನ ಸ್ಮಶಾನಗಳ, ಇಂದಿನ ಬೆಂಚುಗಳ ಲೆಕ್ಕವನ್ನು ಆಯಾ ಊರಿನ ಸಭೆಯವರೇ ಬರೆದುಕೊಡಬೇಕು.